ಮೊಣಕಾಲು ಬಚ್ಚಿಟ್ಟರೆ ನೌಕರಿ ಉಳಿದೀತೇ?



ನಮ್ಮದು ಬೈಲಹೊಂಗಲ ತಾಲ್ಲೂಕಿನ ಒಂದು ಹಳ್ಳಿ. ಮೂರು ಎಕರೆ ಎರಿ ಹೊಲ ಐತಿ. ನಮ್ಮ ಮನಿಯವರು ಟಿಎ (ಟೆರಿಟೋರಿಯಲ್ ಆರ್ಮಿ) ಒಳಗ ಸಿಪಾಯಿ ಅದಾರ್ರಿ, ಬೆಳಗಾವಿ ಬಟಾಲಿಯನ್ನು. ಸೇರಿ ಎಂಟು ವರ್ಷ ಆತು. ಕರದಾಗ ಹೋಗತಾರ, ಬಿಟ್ಟಾಗ ಬಂದು ಹೊಲಾ ನೋಡ್ತಾರ. ಹೋದ ವರ್ಷ ಕ್ಯಾಂಪಿನ್ಯಾಗ ಒಂಬತ್ತು ಫೂಟಿನ ಗುಂಡಿ ಜಿಗಿಯೂ ಮುಂದ ಬಲಗಾಲು ತಿರುವಿ ಬಿದ್ರಂತ. ಒಳಗ ಟಕ್ ಅಂತ ಸಪ್ಪಳಾತು ಅಂದ್ರು. ಸಂಜಿ ಅನ್ನೂದ್ರಾಗ ಮೊಣಕಾಲು ಬಾತು ಪ್ಯಾಂಟು ತಗಿಯಾಕ ಬರವಲ್ದಾಗಿತ್ತಂತ. ಎಂಐ ರೂಮಿನ್ಯಾಗ (ಕ್ಯಾಂಪಿನ ದವಾಖಾನಿ) ಗುಳಿಗಿ ಕೊಟ್ಟು, ಪಟ್ಟಿ ಸುತ್ತಿ, ಮೂರು ದಿನ ಪಿಟಿ ಬ್ಯಾಡ ಅಂತ ಬರದುಕೊಟ್ರು. ಆಮ್ಯಾಲೆ ಇವರು ಯಾರಿಗೂ ತೋರಿಸಲಿಲ್ಲ. ಹಂಗ ಕುಂಟಕೋತ ಕ್ಯಾಂಪ್ ಮುಗಿಸಿ ಮನಿಗೆ ಬಂದ್ರು.

ಈಗ ನಡಕೋತ ಹೊಂಟಾಗ ಒಮ್ಮಿಂದೊಮ್ಮೆಲೆ ಕಾಲು ಕುಸೀತೈತ್ರಿ. ಒಮ್ಮೊಮ್ಮೆ ಮಡಚಿದ್ದು ಹಂಗ ಹಿಡಕೊಂಡು ಬಿಡತೈತಿ, ಚಾಚಾಕ ಬರೂದಿಲ್ಲ. ಕಬ್ಬಿನ ಸಾಲಿನ್ಯಾಗ ಎರಡು ಸಲ ಬಿದ್ದಾರ. ಪಾಯಖಾನಿಗೆ ಕುಂಡ್ರಾಕ ಬರವಲ್ದು ಅಂತ ಪ್ಲಾಸ್ಟಿಕ್ ಕುರ್ಚಿ ನಡುವ ಕೊರದು ಮ್ಯಾಲೆ ಇಟಗೊಂಡಾರ. ದಿನಾ ಔಷಧದ ಅಂಗಡಿಯಿಂದ ನೋವಿನ ಗುಳಿಗಿ. ಬೈಲಹೊಂಗಲದ ಎಲುಬಿನ ಡಾಕ್ಟರು ಎಂಆರ್‌ಐ ಮಾಡಿಸ್ರಿ, ಲಿಗಮೆಂಟ್ ಹರದಂಗ ಕಾಣತೈತಿ, ಆಪರೇಶನ್ ಬೀಳಬಹುದು ಅಂದ್ರು. ಮಿಲ್ಟ್ರಿ ದವಾಖಾನಿಗೆ ಹೋಗೂಣು ಅಂದ್ರ 'ಕೆಟಗರಿ ಹಾಕತಾರ, ನೌಕರಿ ಹೊಕ್ಕೈತಿ, ಸುಮ್ಕಿರು' ಅಂತ ಬೈತಾರ. ಅವರ ದೋಸ್ತ ಒಬ್ಬಾಂವ, 'ಹೊಲದಾಗ ಬಿದ್ದೆ ಅಂತ ಬರಸು, ಕಾರ್ಡಿನ ಮ್ಯಾಲೆ ಆಪರೇಶನ್ ಮಾಡಿಸ್ಕೊ, ಯಾರಿಗೂ ಗೊತ್ತಾಗೂದಿಲ್ಲ' ಅಂದಾನ. ಇವರೂ ಹೂಂ ಅಂದಾರ. ನಮ್ಮ ಅತ್ತಿಯವರು ಸವದತ್ತಿ ಎಲ್ಲಮ್ಮಗ ಹರಕಿ ಹೊತ್ತಾರ. ನಮ್ಮ ಮಗಾ ಎದರಿಗೆ ಬಂದ್ರ ಇವರಿಗೆ ಅವನ ಮ್ಯಾಲೆ ಸಿಟ್ಟು.

ನಾ ಬರದದ್ದು ಅವರಿಗೆ ಗೊತ್ತಿಲ್ರಿ. ಟ್ರಂಕಿನ್ಯಾಗ ಎಂಐ ರೂಮಿನ ಚೀಟಿ ಒಂದ ಐತಿ. ನಾನ ಬಟಾಲಿಯನ್ ಆಫೀಸಿಗೆ ಹೋಗಿ ಹೇಳ್ಲೇನ್ರಿ?

— ಹೆಸರು ಬ್ಯಾಡ್ರಿ

ತಂಗೀ,

ಕೊನೆಯ ಪ್ರಶ್ನೆಗೆ ಮೊದಲು ಉತ್ತರ ಕೊಡುತ್ತೇನೆ. ಬಟಾಲಿಯನ್ ಆಫೀಸಿಗೆ ನೀನು ಹೋಗಬೇಡ. ಸಿಪಾಯಿಯ ಗಾಯದ ಕಾಗದ ಸಿಪಾಯಿಯ ಹೆಸರಿನಲ್ಲೇ ಶುರುವಾಗಬೇಕು. ಹೆಂಡತಿ ಹೋಗಿ ಹೇಳಿದರೆ ಅಲ್ಲಿಯವರು ಕೇಳಿಸಿಕೊಂಡಾರು, ಆದರೆ ಕೊನೆಗೆ 'ಅವರನ್ನೇ ಕಳಿಸಮ್ಮ' ಎನ್ನುತ್ತಾರೆ. ಅಷ್ಟರಲ್ಲಿ ಸುದ್ದಿ ನಿನ್ನ ಯಜಮಾನರಿಗೆ ಬೇರೆಯವರ ಬಾಯಿಂದ ಮುಟ್ಟಿರುತ್ತದೆ. ಈಗಲೇ ಮಾತು ಕಡಿಮೆಯಾಗಿರುವ ಮನೆಯಲ್ಲಿ ಅದು ಬೇಡ. ನನಗೆ ಬರೆದೆ ಎಂದು ಅವರಿಗೆ ಹೇಳು. ಬೈದರೆ ಬೈಯಲಿ. ಈ ಪುಟವನ್ನೇ ಅವರ ಮುಂದೆ ಇಡು. ಮುಂದಿನ ಮಾತಿನಲ್ಲಿ ಅರ್ಧ ಅವರಿಗೇ ಬರೆದದ್ದು.

ಇನ್ನೊಂದು ಮಾತು ಇವತ್ತೇ ಆಗಬೇಕು. 'ಹೊಲದಲ್ಲಿ ಬಿದ್ದೆ' ಎಂಬ ಮಾತು ಯಾವ ಆಸ್ಪತ್ರೆಯ ಚೀಟಿಯ ಮೇಲೂ ಬರಬಾರದು. ಈಗಾಗಲೇ ಬೈಲಹೊಂಗಲದ ಡಾಕ್ಟರ ಹತ್ತಿರ ಏನು ಹೇಳಿದ್ದಾರೆ ಎಂದು ಕೇಳಿ ತಿಳಿದುಕೋ, ಆ ಚೀಟಿ ತೆಗೆದು ಓದು. ಅದೇಕೆ ಅಷ್ಟು ಮುಖ್ಯ ಎಂಬುದನ್ನು ಆಮೇಲೆ ಹೇಳುತ್ತೇನೆ. ಮೊದಲು ಕಾಲಿನ ಮಾತು.

ಬೀಳುವಾಗ ಒಳಗೆ 'ಟಕ್' ಎನ್ನುವುದು, ಕೆಲವೇ ತಾಸಿನಲ್ಲಿ ಬಾವು ಬರುವುದು, ಆಮೇಲೆ ತಿಂಗಳುಗಟ್ಟಲೆ ನಡೆಯುವಾಗ ಕಾಲು ಕುಸಿಯುವುದು, ಈ ಮೂರೂ ಸೇರಿದರೆ ಎಲುಬಿನ ಡಾಕ್ಟರು ಮೊದಲು ಅನುಮಾನ ಪಡುವುದು ಮೊಣಕಾಲಿನ ನಡುವಿನ ಅಸ್ಥಿರಜ್ಜು (ಲಿಗಮೆಂಟ್) ಹರಿದಿರಬಹುದು ಎಂದು. ಮಡಚಿದ ಕಾಲು ಹಾಗೇ ಸಿಕ್ಕಿಕೊಳ್ಳುತ್ತದೆ ಎಂದು ಬರೆದಿದ್ದೀಯಲ್ಲ, ಅದು ಇನ್ನೊಂದು ಸುಳಿವು. ಎರಡು ಎಲುಬುಗಳ ನಡುವೆ ಮೆತ್ತೆಯಂತೆ ಕೂತಿರುವ ಮೆನಿಸ್ಕಸ್ ಕೂಡ ಹರಿದಿದ್ದರೆ ಅದರ ತುಂಡು ಕೀಲಿನಲ್ಲಿ ಸಿಕ್ಕಿ ಹೀಗೆ ಮಾಡುತ್ತದೆ. ಇದು ನನ್ನ ತೀರ್ಪಲ್ಲ, ಎಂಆರ್‌ಐ ಹೇಳಬೇಕಾದ ಮಾತು. ಆದರೆ ಕಾಯುತ್ತ ಕೂತರೆ ನಷ್ಟವಿದೆ: ಕಾಲು ಕುಸಿದು ಬಿದ್ದಾಗಲೆಲ್ಲ ಒಳಗಿನ ಮೆತ್ತೆ ಇನ್ನಷ್ಟು ಹರಿಯುತ್ತದೆ, ಎಲುಬಿನ ಮೇಲಿನ ನುಣುಪು ಸವೆಯುತ್ತದೆ, ನಲವತ್ತು ದಾಟುವ ಮೊದಲೇ ಮುದುಕರ ಸಂಧಿವಾತ ಬರಬಹುದು. ಕಬ್ಬಿನ ಸಾಲಿನಲ್ಲಿ ಎರಡು ಸಲ ಬಿದ್ದಿದ್ದಾರೆ ಎಂದರೆ ಆ ಸವೆತ ಶುರುವಾಗಿರಬಹುದು.

ಹಾಗಾಗಿ ಎಣ್ಣೆ ಹಾಕಿ ತಿಕ್ಕಿಸುವುದು, ಎಲುಬು ಕಟ್ಟುವವರ ಕಡೆ ಹೋಗಿ ಎಳೆಸುವುದು ಬೇಡ. ನೋವಿನ ಗುಳಿಗೆಯನ್ನು ಅಂಗಡಿಯಿಂದ ದಿನಾ ತಂದು ನುಂಗುವುದು ನಿಲ್ಲಲಿ. ಹೊಟ್ಟೆಯಲ್ಲಿ ಹುಣ್ಣು, ಮೂತ್ರಪಿಂಡಕ್ಕೆ ಪೆಟ್ಟು, ಎರಡೂ ಅದರಿಂದ ಆಗುತ್ತವೆ. ಬೇಕಾದರೆ ಎಷ್ಟು, ಎಷ್ಟು ದಿನ ಎಂದು ಡಾಕ್ಟರ ಬಾಯಿಂದ ಕೇಳಿಕೊಂಡೇ ತೆಗೆದುಕೊಳ್ಳಲಿ. ಮಳೆಯಾದ ಎರೆಮಣ್ಣಿನಲ್ಲಿ ಒಬ್ಬರೇ ಇಳಿಯಬಾರದು. ಒಂದು ದಿನ ಕಾಲು ಸಿಕ್ಕಿಕೊಂಡು ಏನು ಮಾಡಿದರೂ ಬಿಡದಿದ್ದರೆ, ಅಥವಾ ಮೀನಖಂಡ ಬಾತು ಬಿಸಿಯಾದರೆ, ಅಥವಾ ಜ್ವರದೊಂದಿಗೆ ಮೊಣಕಾಲು ಕೆಂಪಾದರೆ ಯಾವ ಅರ್ಜಿಗೂ ಕಾಯಬೇಡಿ, ಹತ್ತಿರದ ಸರಕಾರಿ ಆಸ್ಪತ್ರೆಗೆ ಹೋಗಿ. ಆ ಕೊರೆದ ಕುರ್ಚಿ ಇರಲಿ, ಅದು ಒಳ್ಳೆಯ ಉಪಾಯ. ಕಾಲುಗಳು ಜಾರದಂತೆ ಕೆಳಗೆ ರಬ್ಬರ್ ಕಟ್ಟಿ.

ಇನ್ನು 'ಹೊಲದಲ್ಲಿ ಬಿದ್ದೆ' ಎಂಬ ಸುಳ್ಳಿನ ಮಾತು.

ಟಿಎ ಎಂದರೆ ಕ್ರಿಕೆಟಿಗ ಧೋನಿಯ ಫೋಟೊ ಎಂದಷ್ಟೇ ತಿಳಿದ ಜನ ಬಹಳ. 2011ರಲ್ಲಿ ಅವರಿಗೆ ಕೊಟ್ಟದ್ದು ಗೌರವ ಹುದ್ದೆ. ನಿನ್ನ ಯಜಮಾನರದು ದುಡಿಮೆಯ ಹುದ್ದೆ. 1948ರ ಕಾಯ್ದೆಯಿಂದ ಹುಟ್ಟಿ, 1949ರ ಅಕ್ಟೋಬರ್ 9ರಂದು ಆಗಿನ ಗವರ್ನರ್ ಜನರಲ್ ರಾಜಾಜಿ ಉದ್ಘಾಟಿಸಿದ ಈ ಸೇನೆಯ ಲೆಕ್ಕ ಇಷ್ಟು: ಸ್ವಂತ ಉದ್ಯೋಗ ಇದ್ದವರು ಸೇರಬೇಕು, ವರ್ಷಕ್ಕೆ ಎರಡು ತಿಂಗಳ ತರಬೇತಿಗೆ ಬರಬೇಕು, ದೇಶ ಕರೆದಾಗ ಪೂರಾ ಸೈನಿಕರಾಗಿ ನಿಲ್ಲಬೇಕು. 2025ರ ಮೇ 6ರ ಆದೇಶ ನೆನಪಿರಬಹುದು. ಟಿಎಯ 32 ಪದಾತಿ ಬಟಾಲಿಯನ್‌ಗಳಲ್ಲಿ 14ನ್ನು ಕರೆಸಿಕೊಳ್ಳಲು ಸೇನಾ ಮುಖ್ಯಸ್ಥರಿಗೆ ಅಧಿಕಾರ ಕೊಟ್ಟದ್ದು. ಕರೆಯ ಮೇಲೆ ಇರುವಾಗ ಆತ ಸೇನಾ ಕಾಯ್ದೆಗೆ ಒಳಪಟ್ಟವನು; ಸಂಬಳ, ರೇಷನ್ನು, ಔಷಧೋಪಚಾರ ಎಲ್ಲ ಸೇನೆಯದು. ಬಿಟ್ಟು ಕಳಿಸಿದ ದಿನದಿಂದ ಆತ ಮತ್ತೆ ಬೈಲಹೊಂಗಲದ ರೈತ.

ತಂಗೀ, ನಿಮ್ಮ ಇಡೀ ಪ್ರಕರಣ ನಿಂತಿರುವುದು ಈ ಎರಡು ಬದುಕಿನ ನಡುವಿನ ಗೆರೆಯ ಮೇಲೆ. ಗಾಯ ಗೆರೆಯ ಆ ಕಡೆ ಆದದ್ದೋ ಈ ಕಡೆ ಆದದ್ದೋ ಎಂಬುದೊಂದೇ ಪ್ರಶ್ನೆ. ಪೂರಾ ನೌಕರಿಯ ಸೈನಿಕನಿಗೆ ಈ ತಾಪತ್ರಯ ಕಡಿಮೆ. ಅವನ ವರ್ಷವಿಡೀ ಒಂದೇ ಬದಿಯಲ್ಲಿ ಇರುತ್ತದೆ. ಅರೆಕಾಲದ ಸೈನಿಕನಿಗೆ ಎಲ್ಲ ದೇಶದಲ್ಲೂ ಇದೇ ಗೋಳು. ಅಮೆರಿಕದ ರಿಸರ್ವ್ ಪಡೆಯವರೂ ತರಬೇತಿಯಲ್ಲಿ ಕಾಲು ಮುರಿದುಕೊಂಡರೆ, ಅದು ಕರ್ತವ್ಯದ ಮೇಲೆ ಆದ ಗಾಯ ಎಂದು ತೀರ್ಮಾನ ಬರೆಸಿಕೊಳ್ಳಲು ಕಾಗದ ಹಿಡಿದು ಓಡಾಡುತ್ತಾರೆ. ಆ ಕಾಗದ ಇದ್ದವನಿಗೆ ಆಸ್ಪತ್ರೆ, ಇಲ್ಲದವನಿಗೆ ಅವನದೇ ಕಿಸೆ.

ದೋಸ್ತನ ಸಲಹೆ ಕೇಳಿ 'ಹೊಲದಲ್ಲಿ ಬಿದ್ದೆ' ಎಂದು ಬರೆಸಿದರೆ, ನಿನ್ನ ಯಜಮಾನರು ತಮ್ಮ ಕೈಯಾರೆ ಗಾಯವನ್ನು ಗೆರೆಯ ಈ ಕಡೆ ಎಳೆದು ತಂದಂತೆ. ಮುಂದೆ ವೈದ್ಯಕೀಯ ಮಂಡಳಿ ಕೂತಾಗ ಅವರ ಮುಂದೆ ಇರುವುದು ಕಾಗದ. ಡಾಕ್ಟರ ಕೈಬರಹದಲ್ಲಿ, ತಾರೀಖಿನ ಸಮೇತ, ರೋಗಿಯೇ ಹೇಳಿದ ಕಾರಣ ಅಲ್ಲಿ ಇರುತ್ತದೆ. ಅದನ್ನು ಅಳಿಸಲು ಯಾವ ಸುಬೇದಾರನ ಸಾಕ್ಷಿಯೂ ಸಾಲದು. ಕಾರ್ಡಿನ ಬಗ್ಗೆಯೂ ಹೇಳಿಬಿಡುತ್ತೇನೆ. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಚಿಕಿತ್ಸೆ ಇದೆ, ಅದನ್ನು ಬಳಸುವುದು ತಪ್ಪಲ್ಲ. ಸೇನೆಯ ಕಡೆ ತಡವಾದರೆ ಆ ದಾರಿ ಹಿಡಿಯಲೂಬಹುದು. ಬಳಸುವಾಗ ನಿಜ ಹೇಳಬೇಕು, ಅಷ್ಟೇ: 'ಇಂಥ ತಿಂಗಳು, ಸೇನಾ ತರಬೇತಿಯಲ್ಲಿ ಗುಂಡಿ ಜಿಗಿಯುವಾಗ ಆದದ್ದು.' ಎಲ್ಲ ಆಸ್ಪತ್ರೆಯಲ್ಲೂ ಇದೇ ಮಾತು.

ಈಗ ಅವರ ಭಯದ ಮಾತಿಗೆ ಬರೋಣ. ಅದನ್ನು ನಾನು ಹಗುರ ಮಾಡುವುದಿಲ್ಲ, ಏಕೆಂದರೆ ಅದು ಸುಳ್ಳು ಭಯ ಅಲ್ಲ. ಮಿಲಿಟರಿ ಆಸ್ಪತ್ರೆಯಲ್ಲಿ ಲಿಗಮೆಂಟ್ ಹರಿದಿದೆ ಎಂದು ಕಂಡರೆ ವೈದ್ಯಕೀಯ ಕೆಟಗರಿ ಇಳಿಸುತ್ತಾರೆ. ಸೇನೆಯ ಆರೋಗ್ಯದ ಲೆಕ್ಕ 'ಶೇಪ್' ಎಂಬ ಐದು ಅಕ್ಷರದ್ದು. ಅದರಲ್ಲಿ ಕೈಕಾಲಿನ ಅಕ್ಷರಕ್ಕೆ ಅಂಕ ಬದಲಾಗುತ್ತದೆ. ಕೆಟಗರಿ ಇಳಿದ ಟಿಎ ಸಿಪಾಯಿಯನ್ನು ಮುಂದಿನ ಸಲ ಕರೆಯದೇ ಇರಬಹುದು, ಕೊನೆಗೆ ಮನೆಗೆ ಕಳಿಸಲೂಬಹುದು. ಟಿಎ ಸಿಪಾಯಿಗೆ ಸೇವಾ ಪಿಂಚಣಿ ಬರಬೇಕಾದರೆ ಕರೆಯ ಮೇಲಿದ್ದ ಅವಧಿ ಎಲ್ಲ ಕೂಡಿ 15 ವರ್ಷ ಆಗಬೇಕು. ಎಂಟು ವರ್ಷದ ಹಿಂದೆ ಸೇರಿದವರಿಗೆ ಅದು ಇನ್ನೂ ದೂರ. ಹಲ್ಲು ಕಚ್ಚಿ ಅಲ್ಲಿಯವರೆಗೆ ಎಳೆಯಬೇಕು ಎಂಬುದು ಅವರ ಮನಸ್ಸಿನ ಲೆಕ್ಕ. ಮನೆ ನಡೆಸುವ ಗಂಡಸಿನ ಲೆಕ್ಕ ಅದು, ನನಗೆ ಅರ್ಥವಾಗುತ್ತದೆ.

ಆದರೆ ಆ ಲೆಕ್ಕದಲ್ಲಿ ಒಂದು ಕಲಮು ಬಿಟ್ಟುಹೋಗಿದೆ. ಮುಂದಿನ ಕರೆ ಬಂದಾಗ ವೈದ್ಯಕೀಯ ತಪಾಸಣೆ ಇರುತ್ತದೆ. ಅದು ದಾಟಿದರೂ ಐದು ಕಿಲೋಮೀಟರ್ ಓಟ ಇರುತ್ತದೆ, ಅದೇ ಒಂಬತ್ತು ಅಡಿಯ ಗುಂಡಿ ಇರುತ್ತದೆ. ಮನೆಯ ಮೆಟ್ಟಿಲಿಗೆ ಕುಸಿಯುವ ಕಾಲು ಅಲ್ಲಿ ನಿಲ್ಲುತ್ತದೆಯೇ? ಅವತ್ತು ಡಾಕ್ಟರು ಕೇಳುವ ಮೊದಲ ಪ್ರಶ್ನೆ 'ಯಾವಾಗಿನಿಂದ?' ಎಂದು. ಹೋದ ವರ್ಷದಿಂದ ಎಂದರೆ ಇಷ್ಟು ದಿನ ಯಾಕೆ ಹೇಳಲಿಲ್ಲ ಎನ್ನುತ್ತಾರೆ. ಈಚೆಗೆ ಎಂದರೆ, ಮನೆಯಲ್ಲಿದ್ದಾಗ ಆದದ್ದು, ನಮಗೆ ಸಂಬಂಧವಿಲ್ಲ ಎನ್ನುತ್ತಾರೆ. ಕೆಟಗರಿ ಅವತ್ತೂ ಇಳಿಯುತ್ತದೆ. ಇವತ್ತು ಹೇಳಿದರೆ ಹೋಗಬಹುದಾದದ್ದು ನೌಕರಿ. ಮುಚ್ಚಿಟ್ಟು ಸಿಕ್ಕಿಬಿದ್ದರೆ ನೌಕರಿ, ಚಿಕಿತ್ಸೆ, ಪರಿಹಾರ, ಮೊಣಕಾಲು ನಾಲ್ಕೂ. ಇನ್ನೊಂದು ಸಾಧ್ಯತೆಯನ್ನು ಅವರು ಎಣಿಸಿಯೇ ಇಲ್ಲ. ಶಸ್ತ್ರಚಿಕಿತ್ಸೆ ಸರಿಯಾದ ಸಮಯಕ್ಕೆ ಆಗಿ, ಆರರಿಂದ ಒಂಬತ್ತು ತಿಂಗಳು ವ್ಯಾಯಾಮ ನಿಷ್ಠೆಯಿಂದ ಮಾಡಿದವರು ಮತ್ತೆ ಓಡುತ್ತಾರೆ. ಇಳಿದ ಕೆಟಗರಿ ಮರುಪರೀಕ್ಷೆಯಲ್ಲಿ ಏರುವುದೂ ಇದೆ.

ಹಾಗಾದರೆ ಏನು ಮಾಡಬೇಕು? ಟ್ರಂಕು ತೆಗೆ.

ಆ ಎಂಐ ರೂಮಿನ ಚೀಟಿ ಇದೆ ಎಂದೆಯಲ್ಲ, ಆ ಮಾತು ಓದಿದ ಕೂಡಲೇ ನನಗೆ ಅರ್ಧ ಸಮಾಧಾನವಾಯಿತು. ಚೀಟಿಯ ಮೇಲೆ ತಾರೀಖು ಇರುತ್ತದೆ, ನಂಬರು, ರ‍್ಯಾಂಕು, ಹೆಸರು ಇರುತ್ತವೆ, ಬಲ ಮೊಣಕಾಲು ಉಳುಕು ಎಂದೋ ಏನೋ ಎರಡು ಪದ ಇರುತ್ತವೆ, ಪಿಟಿ ಬೇಡ ಎಂದು ಬರೆದ ದಿನಗಳಿರುತ್ತವೆ, ಕೆಳಗೆ ಒಂದು ಸಹಿ. ಎರಡು ಪದವೇ ಸಾಕು. ಬಲಗಾಲು, ಆ ತಾರೀಖು, ಆ ಜಾಗ, ಮೂರನ್ನೂ ಅದು ಕಟ್ಟಿ ಹಾಕುತ್ತದೆ. ಮೊಬೈಲಿನಲ್ಲಿ ಫೋಟೊ ತೆಗೆದು ಇಟ್ಟುಕೋ, ನಾಲ್ಕು ಝೆರಾಕ್ಸ್ ಮಾಡಿಸು, ಮೂಲ ಪ್ರತಿಯನ್ನು ಯಾರ ಕೈಗೂ ಕೊಡಬೇಡ. ಅದರ ಜೊತೆಗೆ ಆ ಕ್ಯಾಂಪಿಗೆ ಕರೆದ ಪತ್ರ, ಬಿಟ್ಟು ಕಳಿಸಿದ ಆದೇಶ, ಮೂವ್‌ಮೆಂಟ್ ಆರ್ಡರು, ಆ ತಿಂಗಳು ಸಂಬಳ ಜಮಾ ಆದ ಪಾಸ್‌ಬುಕ್ಕಿನ ಪುಟ, ಸಿಕ್ಕಿದ್ದೆಲ್ಲ ಒಂದು ಪ್ಲಾಸ್ಟಿಕ್ ಕವರಿನಲ್ಲಿ ಹಾಕು. ಗಾಯವಾದ ದಿನ ಅವರು ಕರೆಯ ಮೇಲಿದ್ದರು ಎಂದು ತೋರಿಸುವುದು ಇವೇ.

ಆಮೇಲೆ ಯಜಮಾನರು ಕಮಾಂಡಿಂಗ್ ಆಫೀಸರಿಗೆ ಅರ್ಜಿ ಬರೆಯಬೇಕು. ಉದ್ದ ಬೇಡ. ಇಂಥ ತಾರೀಖು ಇಂಥ ಕ್ಯಾಂಪಿನಲ್ಲಿ ತರಬೇತಿಯ ವೇಳೆ ಗುಂಡಿ ಜಿಗಿಯುವಾಗ ಬಲ ಮೊಣಕಾಲಿಗೆ ಗಾಯವಾಯಿತು, ಅವತ್ತೇ ಎಂಐ ರೂಮಿನಲ್ಲಿ ತೋರಿಸಿದ್ದೇನೆ, ಚೀಟಿಯ ಪ್ರತಿ ಇದರೊಂದಿಗಿದೆ. ನೋವು ಕಡಿಮೆಯಾದೀತೆಂದು ತಿಳಿದು ಮುಂದೆ ತೋರಿಸಲಿಲ್ಲ, ಈಗ ಕಾಲು ಕುಸಿಯುತ್ತಿದೆ, ಸಿಕ್ಕಿಕೊಳ್ಳುತ್ತಿದೆ. ನನ್ನನ್ನು ಮಿಲಿಟರಿ ಆಸ್ಪತ್ರೆಗೆ ಕಳಿಸಿ ಪರೀಕ್ಷೆ, ಚಿಕಿತ್ಸೆ ಕೊಡಿಸಬೇಕು, ಗಾಯದ ವರದಿ ತಯಾರಿಸಬೇಕು. ಇಷ್ಟೇ. ಅವತ್ತು ಪಕ್ಕದಲ್ಲಿದ್ದ ಇಬ್ಬರು ಜೊತೆಗಾರರ ಮತ್ತು ತರಬೇತಿ ಕೊಡುವ ಉಸ್ತಾದರ ಹೆಸರು, ನಂಬರು ಅದರಲ್ಲೇ ಇರಲಿ. ಅವರು ಬೇರೆ ಕಡೆ ಹೋಗುವ ಮೊದಲು ಅವರ ಕೈಯಲ್ಲಿ ನಾಲ್ಕು ಸಾಲು ಬರೆಸಿಕೊಂಡರೆ ಇನ್ನೂ ಒಳ್ಳೆಯದು. ಯಾರ ಮೇಲೂ ದೂರು ಬೇಡ. ಎಂಐ ರೂಮಿನವರು ನಿರ್ಲಕ್ಷ್ಯ ಮಾಡಿದರು ಎಂದು ಬರೆಯುವ ಆಸೆಯಾದೀತು, ಬರೆಯಬೇಡಿ. ಒಂದು ಪ್ರತಿ ಕೈಯಿಂದ ಕೊಟ್ಟು ಸ್ವೀಕೃತಿಯ ಸೀಲು ಹಾಕಿಸಿಕೊಳ್ಳಿ, ಇನ್ನೊಂದನ್ನು ಸ್ಪೀಡ್ ಪೋಸ್ಟಿನಲ್ಲಿ ಕಳಿಸಿ ರಸೀದಿ ಇಟ್ಟುಕೊಳ್ಳಿ.

ಗಾಯದ ವರದಿ ಎಂದೆನಲ್ಲ, ಅದಕ್ಕೊಂದು ನಮೂನೆ ಇದೆ. ಐಎಎಫ್‌ವೈ-2006 ಎಂದು ಅದರ ಹೆಸರು. ಗಾಯ ಹೇಗಾಯಿತು, ಕರ್ತವ್ಯದ ಮೇಲೆ ಇದ್ದರೋ ಇಲ್ಲವೋ ಎಂಬುದನ್ನು ಘಟಕದ ಅಧಿಕಾರಿ, ಡಾಕ್ಟರು ಸೇರಿ ತುಂಬುತ್ತಾರೆ. ಗಾಯ ದೊಡ್ಡದಾದರೆ ಕೋರ್ಟ್ ಆಫ್ ಇನ್‌ಕ್ವೈರಿ ಕೂರುತ್ತದೆ. ಹೆಸರು ಕೇಳಿ ನಿನ್ನ ಯಜಮಾನರು ಬೆದರಬಾರದು. ಅದು ಶಿಕ್ಷೆಯ ಕೋರ್ಟಲ್ಲ, ನಡೆದದ್ದೇನು ಎಂದು ಬರೆದಿಡುವ ವಿಚಾರಣೆ. ಎಷ್ಟೋ ಸಿಪಾಯಿಗಳ ಬದುಕು ಉಳಿಸಿದ್ದು ಆ ಕಾಗದವೇ.

ಪಾನಿ ರಾಮ್ ಎಂಬವರ ಪ್ರಕರಣ ನೋಡು. ಪೂರಾ ಸೇನೆಯಲ್ಲಿ ಸುಮಾರು 25 ವರ್ಷ ಮುಗಿಸಿ 2007ರಲ್ಲಿ ಟಿಎಯ ಪರಿಸರ ಬಟಾಲಿಯನ್ನು ಸೇರಿದವರು. 2009ರಲ್ಲಿ ರಜೆಯ ಮೇಲಿದ್ದಾಗ ಅಪಘಾತವಾಗಿ ಬಲಗಾಲು ಕತ್ತರಿಸಬೇಕಾಯಿತು, ಅಂಗವೈಕಲ್ಯ ಶೇ 80. ವಿಚಾರಣೆಯಲ್ಲಿ ಗಾಯ ಸೇನಾ ಸೇವೆಗೆ ಸಂಬಂಧಿಸಿದ್ದು ಎಂದು ಬರೆದಿದ್ದರು. ಆದರೂ ಪಿಂಚಣಿ ಇಲ್ಲವೆಂದರು. ಸೇರುವಾಗ ಪಿಂಚಣಿ ಕೇಳುವುದಿಲ್ಲ ಎಂಬರ್ಥದ ಮುಚ್ಚಳಿಕೆಗೆ ಸಹಿ ಹಾಕಿದ್ದೀರಿ ಎಂಬುದು ಸರಕಾರದ ವಾದ. ಲಖನೌದ ಸಶಸ್ತ್ರ ಪಡೆಗಳ ನ್ಯಾಯಮಂಡಳಿಯೂ ಅದನ್ನೇ ಒಪ್ಪಿತು. 2021ರ ಡಿಸೆಂಬರ್ 17ರಂದು ಸುಪ್ರೀಂ ಕೋರ್ಟು ಆ ತೀರ್ಪನ್ನು ತಳ್ಳಿಹಾಕಿ, 2012ರ ಜನವರಿಯಿಂದ ಲೆಕ್ಕ ಹಾಕಿ ಅಂಗವೈಕಲ್ಯ ಪಿಂಚಣಿ ಕೊಡಿ ಎಂದಿತು. ಟಿಎಯವರಿಗೂ ಈ ವಿಷಯದಲ್ಲಿ ಪೂರಾ ಸೇನೆಯವರ ನಿಯಮವೇ ಅನ್ವಯ. ಒಬ್ಬ ಸಿಪಾಯಿ ಸರಕಾರದೊಂದಿಗೆ ಸಮಸಮನಾಗಿ ಕೂತು ಕರಾರು ಚೌಕಾಸಿ ಮಾಡಲಾರ, ಹಾಗಾಗಿ ಅಂಥ ಸಹಿಯಿಂದ ಅವನ ಹಕ್ಕು ಹೋಗುವುದಿಲ್ಲ ಎಂಬುದು ನ್ಯಾಯಾಲಯದ ನಿಲುವು. ರಜೆಯಲ್ಲಿ ಆದ ಅಪಘಾತಕ್ಕೇ ಇಷ್ಟು ಸಿಕ್ಕಿತು. ನಿನ್ನ ಯಜಮಾನರದು ಉಸ್ತಾದರ ಮುಂದೆ, ಸೇನೆ ತೋಡಿದ ಗುಂಡಿಯಲ್ಲೇ ಆದ ಗಾಯ.

ಆದರೆ ರೊಕ್ಕದ ಲೆಕ್ಕ ಈಗಲೇ ಬೇಡ. ಕೊನೆಗೆ ನೌಕರಿ ಬಿಡಿಸಿದರೆ ವೈದ್ಯಕೀಯ ಮಂಡಳಿ ಎರಡು ಮಾತು ಬರೆಯುತ್ತದೆ: ಗಾಯ ಸೇವೆಯಿಂದ ಆದದ್ದೋ ಅಲ್ಲವೋ, ವೈಕಲ್ಯ ಶೇಕಡಾ ಎಷ್ಟು. ಅವಧಿ ಮುಗಿಸಿ ಹೊರಬರುವವರಿಗೆ ಶೇ 20 ಮುಟ್ಟಬೇಕು ಎಂಬುದು ಹಳೆಯಿಂದ ಬಂದ ಮಟ್ಟ. 2023ರ ಸೆಪ್ಟೆಂಬರಿನಲ್ಲಿ ಈ ನಿಯಮಗಳನ್ನೇ ಬದಲಿಸಿದ್ದಾರೆ, ಆದ್ದರಿಂದ ಊರಿನ ಹಳೆಯ ಹವಾಲ್ದಾರರು ಕಟ್ಟೆಯ ಮೇಲೆ ಕೂತು ಹೇಳುವ ಶೇಕಡಾವಾರು ಲೆಕ್ಕ ನಿಮಗೆ ಹೊಂದಲಿಕ್ಕಿಲ್ಲ. ಇಷ್ಟು ಮಾತ್ರ ಗಟ್ಟಿ: ಸೇನಾ ಸೇವೆಯಿಂದಾದ ವೈಕಲ್ಯ ಎಂದು ದಾಖಲಾದ ಟಿಎ ಸಿಪಾಯಿಯನ್ನು ಸರಕಾರ ಮಾಜಿ ಸೈನಿಕ ಎಂದು ಎಣಿಸುತ್ತದೆ. ಬರಿಗೈಯಲ್ಲಿ ಹೊರಬಂದ ಟಿಎಯವರಿಗೆ ಆ ಹೆಸರು ಸಿಗುವುದಿಲ್ಲ. ಮಾಜಿ ಸೈನಿಕನ ಗುರುತಿನ ಚೀಟಿ, ಮಕ್ಕಳ ಓದಿಗೆ ನೆರವು, ಮೀಸಲಾತಿ ಇವೆಲ್ಲ ಅದರ ಹಿಂದೆ ಬರುತ್ತವೆ. ಪಿಂಚಣಿಯೂ ಮಂಜೂರಾದರೆ ಬೆಳಗಾವಿಯಲ್ಲಿರುವ, ಮಾಜಿ ಸೈನಿಕರ ಆರೋಗ್ಯ ಯೋಜನೆಯಾದ ಇಸಿಎಚ್‌ಎಸ್ ಪಾಲಿಕ್ಲಿನಿಕ್ಕಿನಲ್ಲಿ ನಿಮಗಿಬ್ಬರಿಗೂ ಚಿಕಿತ್ಸೆ.

ಮಂಡಳಿ ಇಲ್ಲವೆಂದರೆ? ಮೊದಲ ಮೇಲ್ಮನವಿಗೆ ಆರು ತಿಂಗಳು, ಅದೂ ಆಗದಿದ್ದರೆ ಎರಡನೆಯದಕ್ಕೆ ಆರು ತಿಂಗಳು, ಆಮೇಲೆ 2007ರ ಕಾಯ್ದೆಯಿಂದ ಬಂದ ಸಶಸ್ತ್ರ ಪಡೆಗಳ ನ್ಯಾಯಮಂಡಳಿ. ತಿರಸ್ಕಾರದ ಪತ್ರ ಬಂದ ತಾರೀಖನ್ನು ಲಕೋಟೆಯ ಮೇಲೆ ಬರೆದಿಡಬೇಕು. ಘಟಕದವರು ಹಳೆಯ ದಾಖಲೆ ಸಿಗುತ್ತಿಲ್ಲ ಎಂದರೆ ಮಾಹಿತಿ ಹಕ್ಕಿನ ಅರ್ಜಿ ಹಾಕಿ, ಆ ದಿನದ ಸಿಕ್ ರಿಪೋರ್ಟಿನ ಪ್ರತಿ ಕೇಳಬಹುದು. 30 ದಿನದಲ್ಲಿ ಉತ್ತರ ಕೊಡಬೇಕು. ರಿಜಿಸ್ಟರುಗಳನ್ನು ಕೆಲವು ವರ್ಷದ ಮೇಲೆ ನಾಶ ಮಾಡುತ್ತಾರೆ, ಅದಕ್ಕೇ ಈ ಅವಸರ.

ಈ ದಾರಿಯಲ್ಲಿ ಒಬ್ಬ ಏಜೆಂಟ್ ಖಂಡಿತ ಎದುರಾಗುತ್ತಾನೆ. 'ಶೇ 50 ಬರೆಸಿಕೊಡ್ತೀನಿ, ಬಂದ ಬಾಕಿಯಲ್ಲಿ ಇಷ್ಟು ನನಗೆ' ಎನ್ನುತ್ತಾನೆ. ಅವನಿಗೆ ಚಹಾ ಕೂಡ ಕೊಡಬೇಡ. ಬೆಳಗಾವಿಯ ಸೈನಿಕ ಕಲ್ಯಾಣ ಮತ್ತು ಪುನರ್ವಸತಿ ಇಲಾಖೆಯ ಕಚೇರಿ ಇರುವುದೇ ಇಂಥ ಕೆಲಸಕ್ಕೆ. ಇಂಗ್ಲಿಷಿನಲ್ಲೋ ಹಿಂದಿಯಲ್ಲೋ ಅರ್ಜಿ ಬರೆಯಲು ಅಲ್ಲಿ ನೆರವು ಕೇಳಿ. 2025ರ ಜುಲೈ 26ರಿಂದ ರಾಷ್ಟ್ರೀಯ ಕಾನೂನು ಸೇವೆಗಳ ಪ್ರಾಧಿಕಾರ ವೀರ ಪರಿವಾರ ಸಹಾಯತಾ ಯೋಜನೆ ಎಂದು ಶುರು ಮಾಡಿದೆ. ಸೈನಿಕರ ಕುಟುಂಬಗಳಿಗೆ ಸೈನಿಕ ಕಚೇರಿಗಳ ಮೂಲಕವೇ ಉಚಿತ ವಕೀಲರ ಸಲಹೆ ಕೊಡಬೇಕೆಂಬುದು ಅದರ ಉದ್ದೇಶ. ಹೆಂಗಸು ಎಂಬ ಕಾರಣಕ್ಕೇ ನಿನಗೆ ಕಾನೂನಿನಲ್ಲಿ ಉಚಿತ ನೆರವು ಇದೆ, ಆದಾಯದ ಪ್ರಶ್ನೆ ಬರುವುದಿಲ್ಲ.

ಇನ್ನು ಮನೆಯೊಳಗಿನ ಮಾತು. ಮಗನ ಮೇಲಿನ ಸಿಟ್ಟು ಮಗನ ಮೇಲಿನದಲ್ಲ, ನಿನಗೂ ಗೊತ್ತು. ನಮ್ಮ ಕಡೆ ಗಂಡಸು ನೋವು ಹೇಳಿಕೊಂಡರೆ ಅವಮಾನ. ಅದರಲ್ಲೂ ಫೌಜಿ. ರಾಯಣ್ಣನ ಊರು ಸಂಗೊಳ್ಳಿ ನಿಮ್ಮ ತಾಲ್ಲೂಕಿನದೇ. ಜನವರಿಯ ಉತ್ಸವದ ಭಾಷಣಗಳಲ್ಲಿ ರಾಯಣ್ಣನ ಹೆಸರು ಹೇಳಿ 'ನೋವು ನುಂಗುವುದೇ ಗಂಡಸುತನ' ಎನ್ನುವವರು ಸಿಗುತ್ತಾರೆ. ರಾಯಣ್ಣ ಕಾದಾಡಿದ್ದು ಇಂಗ್ಲಿಷರ ವಿರುದ್ಧ, ತನ್ನ ಮೊಣಕಾಲಿನ ವಿರುದ್ಧ ಅಲ್ಲ. ಅವರನ್ನು ಒಪ್ಪಿಸಲು ಊಟದ ಹೊತ್ತು ಬೇಡ, ಅತ್ತೆಯ ಮುಂದೆ ಬೇಡ. ಕಾಲಿಗೆ ಪಟ್ಟಿ ಸುತ್ತುವಾಗ ನೀನೇ ಸುತ್ತು, ಆಗ ಹೇಳು. 'ನೌಕರಿ ಹೋದರೂ ಹೊಲ ಇದೆ, ಕಾಲು ಹೋದರೆ ಹೊಲವೂ ಇಲ್ಲ' ಎಂಬ ಮಾತು ನಿನ್ನ ಬಾಯಿಂದ ಬಂದರೆ ನನ್ನ ಪುಟಕ್ಕಿಂತ ಹೆಚ್ಚು ಕೆಲಸ ಮಾಡೀತು. ಅತ್ತೆಯ ಹರಕೆ ಅವರ ಸಮಾಧಾನ, ಅದಕ್ಕೆ ಅಡ್ಡಿ ಬೇಡ. ಆದರೆ ತಮ್ಮ ಮಗನನ್ನು ಎಲ್ಲಮ್ಮನ ಗುಡ್ಡ ಹತ್ತಿಸುವುದು ಆಪರೇಶನ್ ಆದ ಮೇಲಿರಲಿ ಎಂದು ಹೇಳು. ರಾತ್ರಿ ನಿದ್ದೆ ಬಾರದೆ ಕೂರುತ್ತಿದ್ದರೆ, ಕುಡಿತ ಹೆಚ್ಚಿದರೆ, ಬದುಕು ಸಾಕು ಎಂಬ ಮಾತು ಬಂದರೆ 14416ಕ್ಕೆ ಫೋನ್ ಮಾಡಿ. ಟೆಲಿ ಮಾನಸ್, ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡಿಲ್ಲ.

ಮತ್ತೆ ಅರ್ಜಿಯ ಮಾತಿಗೆ ಬಂದರೆ, ಡಿಸ್ಚಾರ್ಜ್ ಆಗದ ಟಿಎ ಸಿಪಾಯಿ ನೇರವಾಗಿ ಮಿಲಿಟರಿ ಆಸ್ಪತ್ರೆಯ ಗೇಟಿಗೆ ಹೋಗಿ ನಿಂತರೆ ಗುರುತು ಚೀಟಿ, ಘಟಕದ ಪತ್ರ ಕೇಳುತ್ತಾರೆ. ಅದಕ್ಕೇ ಮೊದಲು ಬಟಾಲಿಯನ್ನು, ಆಮೇಲೆ ಆಸ್ಪತ್ರೆ. ಈ ವಾರ ಅರ್ಜಿ ಕೊಡಿ. ಒಂದು ತಿಂಗಳಲ್ಲಿ ಉತ್ತರ ಬಾರದಿದ್ದರೆ ಎಂಆರ್‌ಐ ಹೊರಗೇ ಮಾಡಿಸಿ, ಬಿಲ್ಲು ಇಟ್ಟುಕೊಂಡು, ಎರಡನೆಯ ಅರ್ಜಿಗೆ ಅದರ ಪ್ರತಿ ಹಚ್ಚಿ ಕಳಿಸಿ.

ಕಿತ್ತೂರು, ಸವದತ್ತಿ, ರಾಮದುರ್ಗದ ಕಡೆಯ ಟಿಎ ಮನೆಗಳವರಿಗೂ ಒಂದು ಮಾತು. ರಾಮದುರ್ಗದಿಂದ ಬೆಳಗಾವಿಗೆ ಸುಮಾರು ನೂರು ಕಿಲೋಮೀಟರಿನ ದಾರಿ, ಒಂದು ದಿನದ ಕೂಲಿ ಹೋಗುತ್ತದೆ, ನಿಜ. ಆದರೆ ಕ್ಯಾಂಪಿನಲ್ಲಿ ಬಿದ್ದವರು ಕ್ಯಾಂಪು ಬಿಡುವ ಮೊದಲೇ ಗಾಯದ ವರದಿ ಬರೆಸಿಕೊಂಡರೆ ಆ ಬಸ್ಸು ಹತ್ತುವ ಪ್ರಮೇಯವೇ ಬರುವುದಿಲ್ಲ. ಗಂಡನೋ ಮಗನೋ ಕ್ಯಾಂಪಿನಿಂದ ಕುಂಟುತ್ತ ಬಂದರೆ ಮೊದಲ ದಿನವೇ ಚೀಟಿ ಎಲ್ಲಿದೆ ಎಂದು ಕೇಳಿ.